ಸಾವಿರ ಕ್ರೌನಿನ ಚಿತ್ರಪಟ

ನೇಪಲ್ಸ್ ಪಟ್ಟಣದ ಒಂದು ಬೀದಿ. ಕಾರ್ನಿವಲ್ ಹಬ್ಬದ ದಿನಗಳು. ಊರಿಗೆ ಊರೇ ಮುಖವಾಡ ತೊಟ್ಟು ಅಡ್ಡಾಡುತ್ತಿದೆ. ಒಂದು ಮನೆಯ ಮಹಡಿಗೆ ಆಳುಗಳು ಹೆಂಗಸೊಬ್ಬಳ ದೊಡ್ಡ ಚಿತ್ರಪಟ ತಂದು ತೂಗುಹಾಕುತ್ತಾರೆ. ಬಾಗಿಲ ಅಕ್ಕಪಕ್ಕಕ್ಕೆ ಅವಳವೇ ಎರಡು ಸಣ್ಣ ಪಟಗಳು. ಅಂಗಡಿಗೆ ಬೋರ್ಡು ಹಾಕಿದಷ್ಟೇ ಸಲೀಸಾಗಿ ಕೆಲಸ ಮುಗಿಯುತ್ತದೆ. ಮನೆಯೊಡತಿಯ ಹೆಸರು ಆಂಜೆಲಿಕಾ ಬಿಯಾಂಕಾ. ಅವಳು ಗಣಿಕೆ. ಇಟ್ಟುಕೊಂಡಿದ್ದ ಸ್ಪೇನಿನ ಸೇನಾಪತಿ ತೀರಿಹೋಗಿದ್ದಾನೆ. ಈಗ ಯಾರು ಬೇಕಾದರೂ ಕೇಳಬಹುದು, ದರ ಮಾತ್ರ ತಿಂಗಳಿಗೆ ಸಾವಿರ ಕ್ರೌನು. ಕೆಳಗೆ ನಿಂತ ಇಂಗ್ಲಿಷ್ ಗಂಡಸರು ಕತ್ತೆತ್ತಿ ನೋಡುತ್ತಾರೆ, ಬೆಲೆ ಕೇಳಿ ಪೆಚ್ಚಾಗುತ್ತಾರೆ. ಅವರಲ್ಲಿ ಆಗಷ್ಟೇ ಹಡಗಿನಿಂದ ಇಳಿದುಬಂದ ವಿಲ್‌ಮೋರ್ ಎಂಬುವನ ಜೇಬಿನಲ್ಲಿ ಕಾಸಿಲ್ಲ. ಕೊಳ್ಳಲಾಗದ್ದನ್ನು ಕಿತ್ತುಕೊಳ್ಳುವುದು ಅವನ ಜಾಯಮಾನ. ಸಣ್ಣ ಪಟವೊಂದನ್ನು ಕಿತ್ತು ಕೈಗೆ ತೆಗೆದುಕೊಳ್ಳುತ್ತಾನೆ. ಕತ್ತಿಗಳು ಒರೆಯಿಂದ ಹೊರಬರುತ್ತವೆ.

ಲಂಡನ್ನಿನ ಡಾರ್ಸೆಟ್ ಗಾರ್ಡನ್ ರಂಗಮಂದಿರದಲ್ಲಿ 1677ರ ಮಾರ್ಚ್ 24ರಂದು ಎರಡನೆಯ ಚಾರ್ಲ್ಸ್ ದೊರೆ ಕೂತು ನೋಡಿದ ನಾಟಕ ಇದು: ‘ದ ರೋವರ್’, ಅಂದರೆ ಅಲೆಮಾರಿ. ‘ಗಡೀಪಾರಾದ ಕ್ಯಾವಲಿಯರುಗಳು’, ಅಂದರೆ ದೊರೆಯ ಪಕ್ಷದವರು, ಎಂಬ ಇನ್ನೊಂದು ಹೆಸರೂ ಅದಕ್ಕಿತ್ತು. ನಾಂದಿಯ ಪದ್ಯ ನಾಟಕಕಾರನನ್ನು ಗಂಡಸೆಂದೇ ಕರೆಯಿತು. ಪುಸ್ತಕ ಅಚ್ಚಾದಾಗ ಮೊದಲ ಪ್ರತಿಗಳ ಮುಖಪುಟದಲ್ಲಿ ಕರ್ತೃವಿನ ಹೆಸರೇ ಇರಲಿಲ್ಲ. ಅದೇ ವರ್ಷ ಮೂರನೆಯ ಸಲ ಮಾರುಕಟ್ಟೆಗೆ ಬಂದ ಪ್ರತಿಗಳಲ್ಲಿ ಹೆಸರು ಕಾಣಿಸಿಕೊಂಡಿತು: ಶ್ರೀಮತಿ ಎ. ಬೆನ್.

ಆಫ್ರಾ ಬೆನ್ ಬರೆದ ಈ ನಾಟಕದ ಸುತ್ತ ಮೂರೂವರೆ ಶತಮಾನದಿಂದ ಒಂದೇ ಪ್ರಶ್ನೆ ವೇಷ ಬದಲಿಸಿ ಬದಲಿಸಿ ಬರುತ್ತಿದೆ. ಮೊದಲು ಅದು ‘ಇದು ಆಕೆಯದೇ ಸ್ವಂತ ಸರಕೋ, ಕದ್ದದ್ದೋ’ ಎಂದು ಬಂತು. ಆಮೇಲೆ ‘ಹೆಂಗಸಾದವಳು ಇಂಥದ್ದನ್ನು ಬರೆಯಬಹುದೆ’ ಎಂದು ಬಂತು. ಕಳೆದ ಐವತ್ತು ವರ್ಷಗಳಿಂದ ‘ಇದು ಹೆಂಗಸರ ಪರವಾದ ನಾಟಕವೋ, ಗಂಡಸರನ್ನು ಖುಷಿಪಡಿಸುವ ನಾಟಕವೋ’ ಎಂದು ಕೇಳಲಾಗುತ್ತಿದೆ. ಮೂರಕ್ಕೂ ಉತ್ತರ ಹುಡುಕುವವರು ಯಾವುದಾದರೊಂದು ಪಾತ್ರದ ಬಾಯಲ್ಲಿ ಬೆನ್ ತನ್ನ ಅಭಿಪ್ರಾಯ ಆಡಿಸಿರಬೇಕೆಂದು ಕಿವಿಯಾನಿಸಿ ಕೂರುತ್ತಾರೆ. ನನಗೆ ತೋರುವಂತೆ ಆಕೆಯ ಅಭಿಪ್ರಾಯ ಮಾತಿನಲ್ಲಿಲ್ಲ, ಲೆಕ್ಕದಲ್ಲಿದೆ. ಯಾರು ಯಾರಿಗೆ ಎಷ್ಟು ಕೊಟ್ಟರು, ಯಾರ ಬೆಲೆಯನ್ನು ಯಾರು ಕಟ್ಟಿದರು ಎಂಬುದನ್ನು ಈ ನಾಟಕ ಕಿರಾಣಿ ಅಂಗಡಿಯ ಖಾತೆಪುಸ್ತಕದಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟಿದೆ.

ಕಥೆ ಸಂಕ್ಷೇಪವಾಗಿ ಹೀಗೆ. ಸ್ಪೇನಿನ ಆಳ್ವಿಕೆಯಲ್ಲಿರುವ ನೇಪಲ್ಸಿನಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕ ಫ್ಲೋರಿಂಡಾಳನ್ನು ಮುದುಕ ಸಾಹುಕಾರ ಡಾನ್ ವಿನ್ಸೆಂಟಿಯೊಗೆ ಕೊಡಬೇಕೆಂದು ಅಪ್ಪನ ಹಟ. ರಾಜಪ್ರತಿನಿಧಿಯ ಮಗ ಆಂಟೋನಿಯೊಗೆ ಕೊಡಬೇಕೆಂದು ಅಣ್ಣ ಪೆಡ್ರೊನ ಲೆಕ್ಕಾಚಾರ. ಅವಳಿಗೆ ಇಷ್ಟವಾದವನು ಪ್ಯಾಂಪ್ಲೋನಾ ಮುತ್ತಿಗೆಯಲ್ಲಿ ತನ್ನ ಮಾನ ಉಳಿಸಿದ ಇಂಗ್ಲಿಷ್ ಕರ್ನಲ್ ಬೆಲ್‌ವಿಲ್. ತಂಗಿ ಹೆಲೆನಾಳನ್ನು ಕನ್ಯಾಮಠಕ್ಕೆ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅವಳಿಗೋ ಪ್ರೇಮವೆಂದರೇನೆಂದು ನೋಡದೆ ಮಠಕ್ಕೆ ಹೋಗುವ ಮನಸ್ಸಿಲ್ಲ. ಇಬ್ಬರೂ ಸೋದರಸಂಬಂಧಿ ವಲೇರಿಯಾಳ ಜೊತೆ ಜಿಪ್ಸಿಗಳ ಸೋಗಿನಲ್ಲಿ ಬೀದಿಗಿಳಿಯುತ್ತಾರೆ. ಹೆಲೆನಾ ಕೈನೋಡಿ ಭವಿಷ್ಯ ಹೇಳುವ ನೆಪದಲ್ಲಿ ವಿಲ್‌ಮೋರ್‌ನನ್ನು ಹಿಡಿಯುತ್ತಾಳೆ. ಅವನ ಕೈಯನ್ನು ಆಂಜೆಲಿಕಾಳೂ ಹಿಡಿಯುತ್ತಾಳೆ. ಮಿಕ್ಕದ್ದೆಲ್ಲ ಗಲಿಬಿಲಿ, ಕತ್ತಲು, ಕತ್ತಿವರಸೆ, ವೇಷಾಂತರ.

ಈ ಲೆಕ್ಕದ ಬುದ್ಧಿ ಬೆನ್‌ಗೆ ಎಲ್ಲಿಂದ ಬಂತೆಂದು ತಿಳಿಯಲು ಆಕೆಯ ಬದುಕನ್ನು ಕೊಂಚ ನೋಡಬೇಕು. ಬಹುಪಾಲು ಜೀವನಚರಿತ್ರಕಾರರು ಒಪ್ಪುವಂತೆ ಆಕೆ ಕ್ಯಾಂಟರ್ಬರಿ ಬಳಿಯ ಹಾರ್ಬಲ್‌ಡೌನ್‌ನಲ್ಲಿ 1640ರ ಡಿಸೆಂಬರಿನಲ್ಲಿ ದೀಕ್ಷಾಸ್ನಾನ ಪಡೆದ ಕೂಸು. ಅಪ್ಪ ಕ್ಷೌರಿಕ, ತಾಯಿ ಉಳ್ಳವರ ಮಕ್ಕಳಿಗೆ ಮೊಲೆಯೂಡುತ್ತಿದ್ದ ದಾದಿ. 1666ರಲ್ಲಿ, ಡಚ್ಚರೊಂದಿಗೆ ಯುದ್ಧ ನಡೆಯುತ್ತಿದ್ದಾಗ, ಸರ್ಕಾರ ಆಕೆಯನ್ನು ಗೂಢಚಾರಿಣಿಯಾಗಿ ಆಂಟ್ವರ್ಪ್‌ಗೆ ಕಳಿಸಿತು. ಗುಪ್ತನಾಮ ಅಸ್ಟ್ರಿಯಾ. ಸುದ್ದಿಯನ್ನೇನೋ ಆಕೆ ಕಳಿಸಿದಳು, ಸಂಬಳ ಬರಲಿಲ್ಲ. ಆಸ್ಥಾನದ ಥಾಮಸ್ ಕಿಲ್ಲಿಗ್ರೂಗೆ ದುಡ್ಡು ಕಳಿಸಿರೆಂದು ಕಾಗದದ ಮೇಲೆ ಕಾಗದ ಬರೆದಳು. ಕೊನೆಗೆ ಊರು ಸೇರಲು 150 ಪೌಂಡ್ ಸಾಲ ಮಾಡಬೇಕಾಯಿತು. ಸಾಲ ಕೊಟ್ಟವನು ಜೈಲಿಗೆ ಹಾಕಿಸಲು ನಿಂತಾಗ 1668ರಲ್ಲಿ ದೊರೆಗೆ ಬರೆದ ಅರ್ಜಿಗಳು ಉಳಿದಿವೆ. ಅದಾಗಿ ಎರಡೇ ವರ್ಷಕ್ಕೆ, 1670ರಲ್ಲಿ, ಆಕೆಯ ಮೊದಲ ನಾಟಕ ರಂಗಕ್ಕೆ ಬಂತು. ಆಕೆಗೆ ಮುಂಚೆ ಒಬ್ಬಿಬ್ಬರು ಹೆಂಗಸರ ನಾಟಕಗಳು ಲಂಡನ್ನಿನಲ್ಲಿ ಆಡಲ್ಪಟ್ಟಿದ್ದವು. ಬರೆದೇ ಹೊಟ್ಟೆ ಹೊರೆಯುತ್ತೇನೆಂದು ಹೊರಟು ವರ್ಷಗಟ್ಟಲೆ ಹಾಗೆಯೇ ಬದುಕಿದವಳು ಇವಳು.

ಬದುಕುವುದೆಂದರೆ ಹೇಗೆ? ಆಗಿನ ಪದ್ಧತಿಯಲ್ಲಿ ನಾಟಕಕಾರನಿಗೆ ಮೂರನೆಯ ದಿನದ ಕಲೆಕ್ಷನ್, ಖರ್ಚು ಕಳೆದು ಉಳಿದದ್ದು. ನಮ್ಮ ವೃತ್ತಿ ಕಂಪನಿಗಳ ಬೆನಿಫಿಟ್ ನಾಟಕದ ನೆನಪಿರುವವರಿಗೆ ಈ ಏರ್ಪಾಡು ಹೊಸದೆನಿಸದು. ನಾಟಕ ಎರಡನೆಯ ದಿನಕ್ಕೇ ಬಿದ್ದುಹೋಯಿತೋ, ಬರೆದವರ ಕೈಗೆ ಚೊಂಬು. ಹಾಗಾಗಿ ಪಿಟ್‌ನಲ್ಲಿ ಅರ್ಧ ಕ್ರೌನು ತೆತ್ತು ಕೂತ ಶೋಕಿಲಾಲರು, ಮೇಲಿನ ಗ್ಯಾಲರಿಯಲ್ಲಿ ಒಂದು ಷಿಲಿಂಗಿಗೆ ಕೂತವರು, ಎಲ್ಲರಿಗೂ ಎರಡು ದಿನದೊಳಗೆ ನಾಟಕ ಹಿಡಿಸಲೇಬೇಕು. ‘ದ ರೋವರ್’ ಬಗ್ಗೆ ತೀರ್ಪು ಕೊಡುವ ವಿಮರ್ಶಕರು ಈ ಮೂರನೆಯ ದಿನವನ್ನು ಮರೆಯುವುದೇ ಹೆಚ್ಚು.

ಇನ್ನೊಂದು ಸಂಗತಿಯೂ ಇದೆ. ಅಂತರ್ಯುದ್ಧ ಶುರುವಾದ 1642ರಲ್ಲಿ ಮುಚ್ಚಿದ ರಂಗಮಂದಿರಗಳು ಮತ್ತೆ ತೆರೆದದ್ದು 1660ರಲ್ಲಿ, ದೊರೆ ಮರಳಿದ ಮೇಲೆ. ಅಲ್ಲಿಯವರೆಗೆ ಇಂಗ್ಲಿಷ್ ವೃತ್ತಿರಂಗದಲ್ಲಿ ಹುಡುಗರದೇ ಸ್ತ್ರೀ ಪಾರ್ಟು. ಅದೇ ವರ್ಷದ ಡಿಸೆಂಬರಿನಲ್ಲಿ ಡೆಸ್ಡಿಮೋನಾ ಪಾತ್ರಕ್ಕೆ ಹೆಂಗಸೊಬ್ಬಳು ರಂಗದ ಮೇಲೆ ಬಂದಳು. ದೊರೆ ಇಬ್ಬರಿಗೆ ಮಾತ್ರ ನಾಟಕದ ಸನ್ನದು ಕೊಟ್ಟಿದ್ದ. ಅವರಲ್ಲೊಬ್ಬ ಇದೇ ಕಿಲ್ಲಿಗ್ರೂ. ಡೆಸ್ಡಿಮೋನಾಳನ್ನು ತಂದದ್ದೂ ಅವನ ಕಂಪನಿಯೇ. ನಟಿಯರನ್ನು ನೋಡಲೆಂದೇ ಜನ ಬರತೊಡಗಿದರು. ನಟಿಗೆ ಗಂಡು ಉಡುಪು ತೊಡಿಸಿ ಕಾಲಿನ ಆಕಾರ ಕಾಣುವಂತೆ ಮಾಡುವ ದೃಶ್ಯ ಇಲ್ಲದ ಹಾಸ್ಯನಾಟಕವೇ ಅಪರೂಪವಾಯಿತು. ಬೆನ್ ಕೂಡ ಹೆಲೆನಾಳಿಗೆ ಹುಡುಗನ ವೇಷ ಹಾಕಿಸಿದ್ದಾಳೆ. ಇತ್ತ ಪ್ರೇಕ್ಷಕರ ನಡುವೆ ಗಿರಾಕಿ ಹುಡುಕುವ ಹೆಂಗಸರು ಮುಖವಾಡ ತೊಟ್ಟು ಕೂರುತ್ತಿದ್ದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳೂ ಗುರುತು ಮರೆಸಲು ಮುಖವಾಡವನ್ನೇ ತೊಡುತ್ತಿದ್ದರು. ರಂಗದ ಮೇಲೆ ಮುಖವಾಡ ತೊಟ್ಟ ಫ್ಲೋರಿಂಡಾಳನ್ನು ಕಂಡು ಇವಳು ಕುಲೀನೆಯೋ ಬೀದಿಯವಳೋ ಎಂದು ಗಂಡಸರು ತಡವರಿಸುವಾಗ, ಕೆಳಗೆ ಕೂತ ಗಂಡಸರೂ ಪಕ್ಕದ ಸೀಟಿನತ್ತ ನೋಡಿ ಅದನ್ನೇ ಕೇಳಿಕೊಳ್ಳುತ್ತಿದ್ದಿರಬೇಕು.

ಈಗ ಕಳ್ಳತನದ ದೂರಿಗೆ ಬರೋಣ. ಕಿಲ್ಲಿಗ್ರೂ 1650ರ ದಶಕದ ದೇಶಭ್ರಷ್ಟ ದಿನಗಳಲ್ಲಿ ‘ಥೊಮಾಸೊ, ಅಥವಾ ಅಲೆಮಾರಿ’ ಎಂಬ ನಾಟಕ ಬರೆದಿದ್ದ. 1664ರಲ್ಲಿ ಅಚ್ಚಾಯಿತು. ಎರಡು ಭಾಗ, ಹತ್ತು ಅಂಕ. ಆಡಲಿಕ್ಕಲ್ಲ, ಓದಲಿಕ್ಕೂ ಕಷ್ಟ. ಬೆನ್‌ಳ ನಾಟಕಕ್ಕೆ ಮೂಲ ಅದೇ ಎಂಬುದರಲ್ಲಿ ಅನುಮಾನವಿಲ್ಲ. ಪುಸ್ತಕದ ಕೊನೆಗೆ ಸೇರಿಸಿದ ಟಿಪ್ಪಣಿಯಲ್ಲಿ ಆಕೆ ಪುಕಾರನ್ನು ಅಲ್ಲಗಳೆಯುತ್ತ, ತಾನು ಕದ್ದದ್ದೇನಿದ್ದರೂ ಆಂಜೆಲಿಕಾಳ ಚಿತ್ರಪಟವೊಂದೇ ಎಂಬರ್ಥದ ಮಾತಾಡಿದಳು. ಇದು ಶುದ್ಧ ತುಂಟತನ. ಕದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಆ ಕಾಲದಲ್ಲಿ ಹಳೆಯ ನಾಟಕ ಬಿಚ್ಚಿ ಹೊಸದು ಹೊಲಿಯದವರೇ ಇರಲಿಲ್ಲ. ಮಹಾಶಯ ಡ್ರೈಡನ್ ಕೂಡ ಅದೇ ಕೆಲಸ ಮಾಡಿದ್ದಾನೆ. ಆಂಟ್ವರ್ಪ್‌ನಿಂದ ಬರೆದ ಕಾಗದಗಳಿಗೆ ದುಡ್ಡು ಬಾರದಿದ್ದುದನ್ನು ನೆನೆದರೆ, ಹತ್ತು ವರ್ಷದ ಮೇಲೆ ಎದುರು ಪಾಳೆಯದ ಕಂಪನಿಗೆ ಕಿಲ್ಲಿಗ್ರೂನ ನಾಟಕವನ್ನೇ ಎತ್ತಿಕೊಟ್ಟು ಆಕೆ ಹಳೇ ಬಾಕಿ ವಸೂಲು ಮಾಡಿಕೊಂಡಳು ಎಂದು ನನಗೆ ಅನ್ನಿಸಿದ್ದುಂಟು. ಇದು ಬರೀ ಊಹೆ, ಬಿಡಿ.

ಕದ್ದದ್ದಕ್ಕಿಂತ ತಿದ್ದಿದ್ದು ಮುಖ್ಯ. ಮ್ಯಾಡ್ರಿಡ್ ಹೋಗಿ ನೇಪಲ್ಸ್ ಬಂತು, ಕಾರ್ನಿವಲ್ ಬಂತು. ಕಿಲ್ಲಿಗ್ರೂನಲ್ಲಿ ಹೆಲೆನಾ ಎಂದರೆ ವಯಸ್ಸು ಮುಗಿದ, ಕಣ್ಣೂ ಕಾಣದ ಮುದಿ ವೇಶ್ಯೆ; ಗಂಡಸರ ಗೇಲಿಗೊಂದು ಗುರಿ. ಬೆನ್ ಅದೇ ಹೆಸರನ್ನು ನಾಟಕದ ಅತ್ಯಂತ ಚುರುಕು ನಾಲಿಗೆಯ ಹುಡುಗಿಗೆ ಇಟ್ಟಳು. ಕಿಲ್ಲಿಗ್ರೂನ ನಾಯಕ ಕೊನೆಗೆ ಸುಧಾರಿಸಿ, ಪಾಪದ ಹೆಣ್ಣನ್ನು ಬಿಟ್ಟು ಪುಣ್ಯದ ಹೆಣ್ಣಿನ ಕೈ ಹಿಡಿಯುತ್ತಾನೆ. ವಿಲ್‌ಮೋರ್ ಸುಧಾರಿಸುವುದಿಲ್ಲ. ಅವನನ್ನು ಕಟ್ಟಿಕೊಳ್ಳುವವಳೂ ಪುಣ್ಯದ ಗೊಂಬೆಯಲ್ಲ. ಅವನು ತನ್ನನ್ನು ಸ್ಥಿರಚಿತ್ತನೆಂದು ಕರೆದುಕೊಂಡರೆ ಅವಳು ತನ್ನನ್ನು ಚಂಚಲೆಯೆಂದು ಕರೆದುಕೊಳ್ಳುವ ಪೈಕಿ. ಮೂಲದಲ್ಲಿ ಗಂಡಸಿನ ಆತ್ಮೋದ್ಧಾರದ ಕಥೆಯಾಗಿದ್ದದ್ದು ಇಲ್ಲಿ ಹೆಂಗಸರು ನಡೆಸುವ ಚೌಕಾಸಿಯಾಯಿತು.

ಚೌಕಾಸಿ ಮೊದಲ ದೃಶ್ಯದಿಂದಲೇ ಶುರು. ಮುದುಕ ವಿನ್ಸೆಂಟಿಯೊ ಗಂಡನಾದರೆ ಹೆಂಡತಿಯ ಹೆಸರಿಗೆ ಎಷ್ಟು ಆಸ್ತಿ ಬರೆಯುತ್ತಾನೆಂದು ಅಣ್ಣ ಲೆಕ್ಕ ಹೇಳುತ್ತಾನೆ. ಅಂಥ ಮುದುಕನ ಪಕ್ಕ ಮಲಗುವುದರ ಲೆಕ್ಕವನ್ನು ಹೆಲೆನಾ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಎರಡನೆಯ ಅಂಕದಲ್ಲಿ ವಿಲ್‌ಮೋರ್ ಆಂಜೆಲಿಕಾಳ ಮನೆಗೆ ನುಗ್ಗಿ, ಪ್ರೀತಿಗೆ ಬೆಲೆ ಕಟ್ಟುವ ಪಾಪಿ ನೀನೆಂದು ಬೈಯುತ್ತಾನೆ. ಅವಳು ಕೊಡುವ ಉತ್ತರವೇ ನಾಟಕದ ನಡುಗಂಬ: ಹೆಣ್ಣು ನೋಡಲು ಹೋದಾಗ ನೀವು ರೂಪ ಕೇಳುತ್ತೀರೋ, ಗುಣ ಕೇಳುತ್ತೀರೋ, ಮೊದಲು ಕೇಳುವುದು ವರದಕ್ಷಿಣೆಯ ಗಂಟನ್ನಲ್ಲವೆ, ಗಂಟು ಸಣ್ಣದಾದರೆ ಬಂದ ದಾರಿ ಹಿಡಿಯುವುದಿಲ್ಲವೆ, ಹಾಗಾದರೆ ಮಾರಾಟಗಾರರು ಯಾರು ಎಂಬ ಧಾಟಿಯಲ್ಲಿ. ವಿಲ್‌ಮೋರ್‌ನ ಹತ್ತಿರ ಜವಾಬಿಲ್ಲ. ಅದು ಅನಾಗರಿಕ ಪದ್ಧತಿಯೆಂದು ಒಪ್ಪಿಕೊಂಡು, ಜಾಣತನದಿಂದ ಜಾರಿಕೊಳ್ಳುತ್ತಾನೆ. ಆಮೇಲೆ ಆಂಜೆಲಿಕಾ ಸಾವಿರ ಕ್ರೌನಿನ ಬೋರ್ಡನ್ನು ತಾನೇ ಮರೆತು ಬಿಟ್ಟಿಯಾಗಿ ಒಲಿಯುತ್ತಾಳೆ. ಸಾಲದೆಂಬಂತೆ ಅವನ ಖರ್ಚಿಗೂ ಕೊಡುತ್ತಾಳೆ. ಅದೇ ದುಡ್ಡಿನಲ್ಲಿ ಅವನು ಗೆಳೆಯರೆದುರು ಮೆರೆಯುತ್ತಾನೆ. ಮಾರುವುದನ್ನು ನಿಲ್ಲಿಸಿದ ಕ್ಷಣದಿಂದ ಅವಳು ಸೋಲತೊಡಗುತ್ತಾಳೆ.

ಇಲ್ಲಿಯವರೆಗೂ ನಗು. ಈ ನಾಟಕವನ್ನು ಇವತ್ತು ಆಡಿಸುವವರ ಹಣೆಯಲ್ಲಿ ಬೆವರೊಡೆಯುವುದು ಫ್ಲೋರಿಂಡಾಳ ದೃಶ್ಯಗಳಲ್ಲಿ.

ಒಂದು ರಾತ್ರಿ ಫ್ಲೋರಿಂಡಾ ಬೆಲ್‌ವಿಲ್‌ಗಾಗಿ ತೋಟದ ಬಾಗಿಲು ತೆರೆದಿಟ್ಟು, ಒಡವೆ ಪೆಟ್ಟಿಗೆ ಹಿಡಿದು ಕಾಯುತ್ತಿದ್ದಾಳೆ. ಒಳಗೆ ಬರುವವನು ಕಂಠಮಟ್ಟ ಕುಡಿದ ವಿಲ್‌ಮೋರ್. ಅವಳು ಯಾರೆಂದು ಅವನಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಗರಜೂ ಇಲ್ಲ. ಮೈಮೇಲೆ ಬೀಳುತ್ತಾನೆ. ಅವಳು ಕೂಗುತ್ತೇನೆಂದಾಗ ಅವನ ವಾದ: ಈ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟದ್ದು ಯಾತಕ್ಕೆ? ಕೊನೆಗೆ ಜೇಬಿನಿಂದ ಒಂದು ಪಿಸ್ಟೋಲ್ ತೆಗೆದು ಕೊಡಬರುತ್ತಾನೆ. ಗುಂಡು ಹಾರಿಸುವ ಪಿಸ್ತೂಲಲ್ಲ. ಸ್ಪೇನಿನ ಚಿನ್ನದ ನಾಣ್ಯ. ಸಾವಿರ ಕ್ರೌನಿನ ಪಟ ನೋಡಿದ ಕಣ್ಣಿಗೆ ಈ ಒಂಟಿ ನಾಣ್ಯ ಕಾಣಿಸುವ ರೀತಿಯೇ ಬೇರೆ. ಅವಳ ಬೆಲೆಯನ್ನು ಅವಳು ಹೇಳಿಲ್ಲ. ಕತ್ತಲಲ್ಲಿ ಅವನೇ ಕಟ್ಟಿದ್ದಾನೆ.

ಎರಡನೆಯದು ಇನ್ನೂ ಘೋರ. ಇಂಗ್ಲಿಷರ ಗುಂಪಿನಲ್ಲಿ ಬ್ಲಂಟ್ ಎಂಬ ಎಸೆಕ್ಸ್ ಕಡೆಯ ಹಳ್ಳಿ ಜಮೀನ್ದಾರನಿದ್ದಾನೆ, ಗುಂಪಿನ ಖಜಾಂಚಿಯೂ ಅವನೇ. ಲುಸೆಟ್ಟಾ ಎಂಬವಳು ಪ್ರೀತಿಯ ನಾಟಕವಾಡಿ ಅವನನ್ನು ಮನೆಗೆ ಕರೆದೊಯ್ದು, ಬಟ್ಟೆ ಬಿಚ್ಚಿಸಿ, ದೀಪ ಆರಿಸಿ, ನೆಲದ ಕಳ್ಳಬಾಗಿಲಿನಿಂದ ಚರಂಡಿಗೆ ಬೀಳಿಸುತ್ತಾಳೆ. ಒಳ ಅಂಗಿಯಲ್ಲಿ ಹೊಲಸು ಮೆತ್ತಿಕೊಂಡು ಅವನು ಮೇಲೆದ್ದು ಬರುವ ದೃಶ್ಯಕ್ಕೆ ಬಿದ್ದೂ ಬಿದ್ದೂ ನಗದವರಿಲ್ಲ. ಲುಸೆಟ್ಟಾಳಿಗೆ ಶಿಕ್ಷೆಯೇನೂ ಆಗುವುದಿಲ್ಲ. ನಗು ಇನ್ನೂ ಪೂರ್ತಿ ಆರಿಲ್ಲ, ಅಷ್ಟರಲ್ಲಿ ಅಣ್ಣನಿಂದ ತಪ್ಪಿಸಿಕೊಂಡು ಓಡುತ್ತಿದ್ದ ಫ್ಲೋರಿಂಡಾ ಅವನ ಕೋಣೆಯನ್ನೇ ಹೊಕ್ಕುಬಿಡುತ್ತಾಳೆ. ಒಬ್ಬಳು ಮೋಸ ಮಾಡಿದ್ದಕ್ಕೆ ಸಿಕ್ಕಿದ ಇನ್ನೊಬ್ಬಳ ಮೇಲೆ ಹಗೆ ತೀರಿಸಿಕೊಳ್ಳುತ್ತೇನೆಂದು ಬ್ಲಂಟ್ ಬಾಯಿಬಿಟ್ಟೇ ಹೇಳುತ್ತಾನೆ. ಗೆಳೆಯ ಫ್ರೆಡರಿಕ್ ಸಾಥ್ ಕೊಡುತ್ತಾನೆ. ಅವಳು ಬೆಲ್‌ವಿಲ್ ಹೆಸರೆತ್ತಿ ವಜ್ರದುಂಗುರ ಕಳಚಿ ಕೊಟ್ಟಾಗ ಫ್ರೆಡರಿಕ್‌ಗೆ ಅಳುಕು ಹುಟ್ಟುತ್ತದೆ. ಕರುಣೆಯಿಂದಲ್ಲ. ಬೀದಿಯವಳೆಂದುಕೊಂಡು ಕೈಹಾಕಿ, ಆಮೇಲೆ ದೊಡ್ಡಮನೆಯ ಹುಡುಗಿಯೆಂದು ತಿಳಿದರೆ ಗಲ್ಲು ಖಾತ್ರಿಯಲ್ಲವೆ ಎಂಬ ಹಿಂಜರಿಕೆ. ಬೀದಿಯವಳಾಗಿದ್ದರೆ ಅಡ್ಡಿಯಿಲ್ಲ ಎಂದ ಹಾಗಾಯಿತು. ಒಂದು ಉಂಗುರದಷ್ಟು ಅಂತರ.

ಇದೂ ಸಾಲದೆಂಬಂತೆ ಗೆಳೆಯರ ಗುಂಪೆಲ್ಲ ಅಲ್ಲಿಗೆ ಬರುತ್ತದೆ, ಜೊತೆಗೆ ಪೆಡ್ರೊ ಕೂಡ. ಒಳಗೊಬ್ಬಳು ಹೆಂಗಸು ಇದ್ದಾಳೆಂದಾಗ, ಯಾರ ಕತ್ತಿ ಉದ್ದವೋ ಅವನಿಗೆ ಅವಳು ಎಂದು ಪಂದ್ಯವಾಗುತ್ತದೆ. ಎಲ್ಲರೂ ಕತ್ತಿ ಹಿರಿದು ಅಳೆಯುತ್ತಾರೆ. ಪೆಡ್ರೊನದು ಟೊಲೆಡೊ ಕತ್ತಿ, ಅವನದೇ ಉದ್ದ. ಗೆದ್ದವನು ಅವಳ ಸ್ವಂತ ಅಣ್ಣ. ಉಂಗುರ ನೋಡಿ ಒಳಗಿರುವವಳು ಯಾರೆಂದು ತಿಳಿದ ಬೆಲ್‌ವಿಲ್ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಅಣ್ಣನ ಕೈಗೆ ಒಪ್ಪಿಸಿದಂತೆ. ವಲೇರಿಯಾ ಓಡಿಬಂದು ಸುಳ್ಳು ಸುದ್ದಿ ಹೇಳಿ ಪೆಡ್ರೊನನ್ನು ಆಚೆ ಸಾಗಿಸದಿದ್ದರೆ ಏನಾಗುತ್ತಿತ್ತೆಂಬುದನ್ನು ಹಾಸ್ಯನಾಟಕವೊಂದು ನಮ್ಮ ಊಹೆಗೆ ಬಿಟ್ಟು ಮುಂದೆ ಸಾಗುತ್ತದೆ.

ವಿಮರ್ಶಕರು ಎರಡು ಪಕ್ಷವಾಗಿರುವುದು ಇಲ್ಲಿ. ಅನಿತಾ ಪಚೆಕೊ 1998ರ ಪ್ರಬಂಧದಲ್ಲಿ ಅತ್ಯಾಚಾರದ ಈ ಯತ್ನಗಳನ್ನು ನಾಟಕದ ನಡುವಿಗೇ ತಂದಿಟ್ಟು ಓದಿದರು. ಕುಲೀನೆ ಮತ್ತು ಬೀದಿಯವಳೆಂಬ ಭೇದ ಗಂಡಸರ ಅನುಕೂಲದ ಸೃಷ್ಟಿ, ಬೆನ್ ಅದನ್ನು ಬಟಾಬಯಲು ಮಾಡುತ್ತಾಳೆ ಎನ್ನುವ ವಾದಕ್ಕೆ ಉಂಗುರದ ಪ್ರಸಂಗವೊಂದೇ ಸಾಕು. ಎದುರು ವಾದವೂ ಹಗುರವಲ್ಲ: ಕೊನೆಗೆ ಫ್ಲೋರಿಂಡಾ ಎಲ್ಲರನ್ನೂ ಸುಲಭದಲ್ಲಿ ಕ್ಷಮಿಸಿಬಿಡುತ್ತಾಳೆ, ವಿಲ್‌ಮೋರ್‌ಗೆ ಹೆಂಡತಿಯೂ ಹಣವೂ ಬಹುಮಾನವಾಗಿ ಸಿಗುತ್ತವೆ, ಮೈಮೇಲೆ ಬಿದ್ದದ್ದು ತಮಾಷೆಯ ಖಾತೆಗೆ ಜಮೆಯಾಗುತ್ತದೆ. ನಾನು ಬೆನ್‌ಳ ವಕೀಲಿಕೆ ವಹಿಸಲಾರೆ. ಕ್ಷಮೆಯ ಆ ಸಾಲು ಎಷ್ಟು ಸಲ ಓದಿದರೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೆಯ ದಿನದ ಕಲೆಕ್ಷನ್ನಿಗೆ ಬರೆದ ಸಾಲು ಅದು. ಆದರೆ ಅಣ್ಣನ ಕತ್ತಿಯನ್ನೇ ಎಲ್ಲಕ್ಕಿಂತ ಉದ್ದ ಮಾಡಬೇಕೆಂದು ಯಾವ ಕಲೆಕ್ಷನ್ನೂ ಕೇಳಿರಲಿಲ್ಲ. ತಂಗಿಯ ಮಾನದ ಕಾವಲುಗಾರನನ್ನೇ ಪಂದ್ಯ ಗೆದ್ದವನ ಜಾಗದಲ್ಲಿ ನಿಲ್ಲಿಸಿದ್ದು ಲೇಖಕಿಯ ಸ್ವಂತ ಆಯ್ಕೆ.

ಆಂಜೆಲಿಕಾಳ ಬಗ್ಗೆ ಜಗಳ ಇನ್ನೂ ಸೊಗಸಾದದ್ದು. ಕ್ಯಾಥರೀನ್ ಗ್ಯಾಲಗರ್ 1988ರಲ್ಲಿ ಬರೆದ ಪ್ರಬಂಧ ಬೆನ್‌ಳನ್ನು ಗಣಿಕೆಯ ಮುಖವಾಡ ತೊಟ್ಟ ಲೇಖಕಿಯಾಗಿ ಕಂಡಿತು. ಬರೆದದ್ದನ್ನು ಮಾರುವ ಹೆಂಗಸು ತನ್ನನ್ನೇ ಮಾರಿಕೊಂಡಂತೆ ಎಂದು ಆಗಿನವರು ಆಡಿಕೊಳ್ಳುತ್ತಿದ್ದುದನ್ನು ಬೆನ್ ನಾಚದೆ ಬಂಡವಾಳ ಮಾಡಿಕೊಂಡಳೆಂಬುದು ಅದರ ತಿರುಳು. ಮರುವರ್ಷ ಎಲಿನ್ ಡೈಮಂಡ್ ರಂಗದ ಮೇಲೆ ತೂಗುವ ಪಟವನ್ನೇ ಹಿಡಿದುಕೊಂಡರು: ಪಟದಲ್ಲಿ ಒಬ್ಬಳು, ಪಟದ ಹಿಂದೆ ಒಬ್ಬಳು, ಪಟ ಬರೆದವಳು ಇನ್ನೊಬ್ಬಳು. ಆಂಜೆಲಿಕಾ ಬಿಯಾಂಕಾ, ಆಫ್ರಾ ಬೆನ್; ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ ಎಂಬುದು ಯಾರ ಕಣ್ಣಿಗೂ ಬೀಳದಿರಲಿಲ್ಲ. ಕದ್ದದ್ದು ಆಂಜೆಲಿಕಾಳ ಪಟವೊಂದೇ ಎಂದು ಟಿಪ್ಪಣಿಯಲ್ಲಿ ಬರೆದದ್ದಕ್ಕೆ ಆಗ ಬೇರೆಯೇ ಅರ್ಥ ಹೊಳೆಯುತ್ತದೆ. ಈ ಓದು ಚೆಂದ, ಆದರೆ ಹೆಸರು ಕಿಲ್ಲಿಗ್ರೂನ ನಾಟಕದಲ್ಲಿಯೇ ಇತ್ತೆಂಬುದನ್ನು ಮರೆಯಬಾರದು. ಮೊದಲಕ್ಷರಗಳ ಮೇಲೆ ಮಹಲು ಕಟ್ಟುವವರಿಗೆ ನಾನು ಅಷ್ಟು ಸುಲಭವಾಗಿ ಗೃಹಪ್ರವೇಶದ ಊಟಕ್ಕೆ ಹೋಗುವುದಿಲ್ಲ. ಡೆರೆಕ್ ಹ್ಯೂಸ್ 2001ರ ಪುಸ್ತಕದಲ್ಲಿ ಬೆನ್‌ಳ ರಂಗಪ್ರಜ್ಞೆಯ ಕಡೆ ಗಮನ ಹರಿಸಿದ್ದು ನನಗೆ ಹೆಚ್ಚು ಹಿಡಿಸಿತು. ಕತ್ತಲೆ, ಬಾಗಿಲು, ಮಹಡಿ, ಕಳ್ಳಗುಂಡಿ, ಇವನ್ನು ಬೆನ್ ಬಳಸುವಷ್ಟು ಚೆನ್ನಾಗಿ ಬಳಸಿದವರು ಆ ಕಾಲದಲ್ಲಿ ಕಡಿಮೆ.

ಐದನೆಯ ಅಂಕದಲ್ಲಿ ಆಂಜೆಲಿಕಾ ಮುಖವಾಡ ತೊಟ್ಟು ವಿಲ್‌ಮೋರ್ ಇರುವಲ್ಲಿಗೆ ಬಂದು, ಎದೆಗೆ ಪಿಸ್ತೂಲು ಹಿಡಿಯುತ್ತಾಳೆ. ಈ ಸಲ ನಾಣ್ಯವಲ್ಲ. ಅವಳು ಒಂದೊಂದೇ ಹೆಜ್ಜೆ ಮುಂದಿಡುತ್ತ ಮಾತಾಡುತ್ತಾಳೆ, ಅವನು ಹಿಂದೆ ಸರಿಯುತ್ತಾನೆ. ಹಾಸ್ಯನಾಟಕದ ಧಾಟಿ ತಪ್ಪಿ, ಅವಳ ಬಾಯಲ್ಲಿ ದುರಂತನಾಟಕದ ಪದ್ಯದ ಲಯ ಬರುತ್ತದೆ. ಅವನು ಆಗಲೂ ತಮಾಷೆ ಬಿಡುವುದಿಲ್ಲ. ಅವಳು ಕೊಟ್ಟ ಚಿನ್ನವನ್ನು ಮರಳಿಸಲು ಹೋಗಿ ಇನ್ನಷ್ಟು ಕೆರಳಿಸುತ್ತಾನೆ. ಆಂಟೋನಿಯೊ ಬಂದು ಪಿಸ್ತೂಲು ಕಿತ್ತುಕೊಂಡು, ನಾನೇ ಕೊಲ್ಲುತ್ತೇನೆ ಎಂದಾಗ, ಬೇಡ, ಬದುಕಲಿ ಎನ್ನುವವಳೂ ಅವಳೇ. ನಂತರ ಹೊರಟುಹೋಗುತ್ತಾಳೆ. ಮದುವೆಗಳ ಸಂಭ್ರಮಕ್ಕೆ ಅವಳು ಇರುವುದಿಲ್ಲ. ಅವಳ ಮುಂದಿನ ಗತಿ ಏನೆಂದು ರಂಗದ ಮೇಲಿನ ಒಬ್ಬರೂ ಕೇಳುವುದಿಲ್ಲ.

ಹೆಲೆನಾ ಮಾತ್ರ ಲೆಕ್ಕ ತಪ್ಪುವುದಿಲ್ಲ. ಮದುವೆಯ ಗೋಜೇಕೆ, ಪ್ರೀತಿ ಸಾಲದೆ ಎಂದು ವಿಲ್‌ಮೋರ್ ಒತ್ತಾಯಿಸಿದಾಗ, ಹಾಗೆ ಒಪ್ಪಿದರೆ ತನ್ನ ಪಾಲಿಗೆ ಉಳಿಯುವುದು ತೊಟ್ಟಿಲು ತೂಗುವ ಕೆಲಸ, ಬೆನ್ನ ಮೇಲೆ ಪಶ್ಚಾತ್ತಾಪದ ಮೂಟೆ ಎಂದು ಎಣಿಸಿ ಹೇಳುತ್ತಾಳೆ. ಚಿಕ್ಕಪ್ಪನಿಂದ ಬಂದ ದೊಡ್ಡ ಗಂಟು ಅವಳ ಹೆಸರಿನಲ್ಲಿದೆ. ಮಠಕ್ಕೆ ಹೋಗಬೇಕಿದ್ದ ಹಣ ಅವನ ಮನೆಗೆ ಹೋಗುತ್ತದೆ. ಇವಳ ಗೆಲುವನ್ನು ಹೊಗಳುವ ಮುನ್ನ ಆಂಜೆಲಿಕಾಳ ಎರಡನೆಯ ಅಂಕದ ಪ್ರಶ್ನೆಯನ್ನು ಪಕ್ಕದಲ್ಲಿಟ್ಟು ನೋಡಿ. ಗಣಿಕೆ ಒಂದು ತಿಂಗಳಿಗೆ ಕೇಳಿದ್ದನ್ನು ಮದುವೆ ಒಂದೇ ಕಂತಿನಲ್ಲಿ, ಉಲ್ಟಾ ದಿಕ್ಕಿನಲ್ಲಿ ಪಾವತಿ ಮಾಡುತ್ತದೆ. ಪೆಡ್ರೊ ಒಪ್ಪುವುದೂ ತಂಗಿಯನ್ನು ಕಾಯುವ ತಲೆನೋವು ಕಳೆಯಿತಲ್ಲ ಎಂಬ ನಿಟ್ಟುಸಿರಿನಲ್ಲಿ.

ನಾಟಕ ಗೆದ್ದಿತು. ಹದಿನೆಂಟನೆಯ ಶತಮಾನದ ನಡುವಿನವರೆಗೆ ಮತ್ತೆಮತ್ತೆ ಆಡಲ್ಪಟ್ಟಿತು. ಆಕೆಯ ಕೈಗೆ ಅದರಿಂದ ಸಿರಿಯೇನೂ ಹತ್ತಲಿಲ್ಲ. 1682ರಲ್ಲಿ ಎರಡು ಕಂಪನಿಗಳು ಒಂದಾಗಿ ಹೊಸ ನಾಟಕಗಳಿಗೆ ಬೇಡಿಕೆ ಬಿದ್ದುಹೋಯಿತು. ಕವನಸಂಕಲನಕ್ಕೆ ಇನ್ನೊಂದೈದು ಪೌಂಡ್ ಹೆಚ್ಚು ಕೊಡಿರೆಂದು ಪ್ರಕಾಶಕ ಟಾನ್‌ಸನ್‌ಗೆ ಬರೆದ ಕಾಗದವಿದೆ. 1685ರಲ್ಲಿ ಮುಂದಿನ ನಾಟಕದ ಆದಾಯದ ಭರವಸೆಯ ಮೇಲೆ ಆರು ಪೌಂಡ್ ಕೈಸಾಲ ಪಡೆದ ಚೀಟಿಯಿದೆ. 1689ರ ಏಪ್ರಿಲ್ 16ರಂದು ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಆ್ಯಬಿಯ ಪೂರ್ವ ಮೊಗಸಾಲೆಯಲ್ಲಿ, ಕರಿಯ ಕಲ್ಲಿನ ಕೆಳಗೆ ಮಲಗಿದ್ದಾಳೆ.

ಆಮೇಲಿನದು ನಾಚಿಕೆಯ ಚರಿತ್ರೆ. ಅಲೆಕ್ಸಾಂಡರ್ ಪೋಪ್ 1737ರಲ್ಲಿ ಆಕೆಯ ಪಾತ್ರಗಳೆಲ್ಲ ಹಾಸಿಗೆಗೆ ಹೋಗುವುದರ ಬಗ್ಗೆ ಚುಚ್ಚಿ ಬರೆದ. 1790ರಲ್ಲಿ ಕೆಂಬಲ್ ಇದೇ ನಾಟಕವನ್ನು ತೊಳೆದು ಇಸ್ತ್ರಿ ಮಾಡಿ, ಹೆಸರು ಬದಲಿಸಿ ಆಡಿಸಿದ. ವಾಲ್ಟರ್ ಸ್ಕಾಟ್ ಹೇಳಿರುವ ಪ್ರಸಂಗವೊಂದಿದೆ. ಅವನ ಅಜ್ಜಿಯ ವಯಸ್ಸಿನ ಬಂಧುವೊಬ್ಬಾಕೆ ಬೆನ್‌ಳ ಕಾದಂಬರಿಗಳನ್ನು ಕೇಳಿ ತರಿಸಿಕೊಂಡರಂತೆ. ಸ್ವಲ್ಪ ಓದಿ, ಇದನ್ನು ಸುಟ್ಟುಬಿಡು ಎಂದು ವಾಪಸು ಕಳಿಸಿದರು. ಆಮೇಲೆ ಆ ಅಜ್ಜಿಗೇ ಸೋಜಿಗ: ಅರವತ್ತು ವರ್ಷದ ಕೆಳಗೆ ಲಂಡನ್ನಿನ ಅತ್ಯಂತ ಮರ್ಯಾದಸ್ಥ ಮನೆಗಳಲ್ಲಿ ಇದೇ ಪುಸ್ತಕಗಳನ್ನು ಹತ್ತಾರು ಜನರ ನಡುವೆ ಗಟ್ಟಿಯಾಗಿ ಓದುವುದನ್ನು ಕೇಳಿ ನಕ್ಕವಳು, ಈಗ ಒಬ್ಬಳೇ ಕೂತು ಓದಲೂ ಮುಜುಗರಪಡುತ್ತಿದ್ದೇನಲ್ಲ! ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಮರುಹುಟ್ಟು ನಿಧಾನವಾಗಿ ಬಂತು. 1915ರಲ್ಲಿ ಮಾಂಟಗ್ಯೂ ಸಮ್ಮರ್ಸ್ ಆರು ಸಂಪುಟಗಳ ಕೃತಿಶ್ರೇಣಿ ತಂದ. 1929ರಲ್ಲಿ ವರ್ಜೀನಿಯಾ ವುಲ್ಫ್ ‘ಎ ರೂಮ್ ಆಫ್ ಒನ್ಸ್ ಓನ್’ ಪುಸ್ತಕದಲ್ಲಿ ಹೆಂಗಸರೆಲ್ಲ ಬೆನ್‌ಳ ಸಮಾಧಿಗೆ ಹೂವಿಡಬೇಕೆಂಬ ಅರ್ಥದ ಮಾತು ಬರೆದರು. ಅದು ಆಕೆಗೆ ಸಂದ ದೊಡ್ಡ ಗೌರವವೂ ಹೌದು, ಸಣ್ಣ ಅನ್ಯಾಯವೂ ಹೌದು. ಏಕೆಂದರೆ ದುಡಿದು ತಿಂದಳೆಂಬುದು ವುಲ್ಫ್‌ಗೆ ಮುಖ್ಯವಾಯಿತು, ಏನು ಬರೆದಳೆಂಬುದು ಹಿಂದೆ ಸರಿಯಿತು. ಹೂವಿಟ್ಟವರು ಬಹಳ, ಓದಿದವರು ಕಡಿಮೆ ಎಂಬ ಸ್ಥಿತಿ 1977ರ ಮಾರೀನ್ ಡಫಿ ಜೀವನಚರಿತ್ರೆಯವರೆಗೂ ನಡೆಯಿತು. 1986ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸ್ಟ್ರಾಟ್‌ಫರ್ಡ್‌ನಲ್ಲಿ ಹೊಸದಾಗಿ ತೆರೆದ ಸ್ವಾನ್ ರಂಗಮಂದಿರದಲ್ಲಿ ಜಾನ್ ಬಾರ್ಟನ್ ಇದನ್ನು ಆಡಿಸಿದ. ಜೆರೆಮಿ ಐರನ್ಸ್ ವಿಲ್‌ಮೋರ್. ತಮಾಷೆಯೆಂದರೆ ಬಾರ್ಟನ್ ಬೆನ್‌ಳ ನೂರಾರು ಸಾಲು ಕತ್ತರಿಸಿ, ಕಿಲ್ಲಿಗ್ರೂನ ‘ಥೊಮಾಸೊ’ದಿಂದ ಸಾಲುಗಳನ್ನು ತಂದು ಸೇರಿಸಿದ. ಆಕೆ ಎತ್ತಿ ಹೊರಗಿಟ್ಟದ್ದನ್ನು ಮತ್ತೆ ಒಳಗೆ ತಂದಿಟ್ಟ ಹಾಗೆ. 2016ರಲ್ಲಿ ಅದೇ ಸ್ವಾನ್‌ನಲ್ಲಿ ಲವ್‌ಡೇ ಇಂಗ್ರಮ್ ನಿರ್ದೇಶನದಲ್ಲಿ ಮತ್ತೊಮ್ಮೆ ಬಂತು. ಇಷ್ಟರ ನಡುವೆ ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಆನರ್ಸ್ ಪಠ್ಯಕ್ಕೂ ನಾಟಕ ಸೇರಿತು. ಕತ್ತಿ ಅಳೆಯುವ ದೃಶ್ಯವನ್ನು ಇಪ್ಪತ್ತರ ಹುಡುಗ ಹುಡುಗಿಯರು ಒಂದೇ ಕ್ಲಾಸಿನಲ್ಲಿ ಕೂತು ಓದುತ್ತಾರೆ.

ಹೆಲೆನಾಳ ಕಡೆಯೋ ಆಂಜೆಲಿಕಾಳ ಕಡೆಯೋ ಎಂದು ಇಂದಿಗೂ ತಕ್ಕಡಿ ಹಿಡಿದಿರುವವರು 1681ರಲ್ಲಿ ಆಡಿದ ‘ದ ರೋವರ್’ ಎರಡನೆಯ ಭಾಗವನ್ನು ಓದುವ ಗೋಜಿಗೆ ಹೋಗುವುದಿಲ್ಲ. ನಾಟಕವಾಗಿ ಅದು ಮೊದಲಿನದರಷ್ಟು ಬಿಗಿಯಿಲ್ಲ, ನಿಜ. ಆದರೆ ಅದು ಶುರುವಾಗುವಷ್ಟರಲ್ಲಿ ಹೆಲೆನಾ ಸತ್ತಿದ್ದಾಳೆ. ಅವಳ ಗಂಟೂ ಕರಗಿದೆ. ಮ್ಯಾಡ್ರಿಡ್‌ನಲ್ಲಿ ವಿಲ್‌ಮೋರ್‌ನ ಮುಂದೆ ಮತ್ತೆ ಇಬ್ಬರು: ಕುಲೀನ ಮನೆಯ ಅರಿಯಾಡ್ನೆ, ಗಣಿಕೆ ಲಾ ನೂಶ್. ಈ ಸಲ ಅವನು ಹೋಗುವುದು ಗಣಿಕೆಯ ಜೊತೆ, ತಾಳಿ ಚೀಟಿ ಯಾವುದೂ ಇಲ್ಲದೆ.

ಮೊದಲ ನಾಟಕದಲ್ಲಿ ಹೆಲೆನಾ ಆಗಿದ್ದವಳು ಎಲಿಜಬೆತ್ ಬ್ಯಾರಿ, ಆಗಿನ್ನೂ ಹೆಸರು ಮಾಡುತ್ತಿದ್ದ ಹುಡುಗಿ. ನಾಲ್ಕು ವರ್ಷದ ಮೇಲೆ ಲಾ ನೂಶ್ ಪಾತ್ರ ಮಾಡಿದವಳೂ ಅವಳೇ. ಲೇಖಕಿ ಸತ್ತು ವರ್ಷಗಳಾದ ಮೇಲೆ, ತಾನೂ ನಡುವಯಸ್ಸು ದಾಟಿ, ತನ್ನ ಹೆಸರಿನ ಬೆನಿಫಿಟ್ ನಾಟಕ ಕೇಳಿ ಪಡೆಯುವಷ್ಟು ದೊಡ್ಡ ನಟಿಯಾದ ಬ್ಯಾರಿ ಮತ್ತೆ ‘ದ ರೋವರ್’ಗೆ ಬಂದಳು. ಹೆಲೆನಾ ಪಾತ್ರವನ್ನು ಕಿರಿಯಳಾದ ಆನ್ ಬ್ರೇಸ್‌ಗರ್ಡಲ್‌ಗೆ ಬಿಟ್ಟುಕೊಟ್ಟು, ಆಂಜೆಲಿಕಾಳ ಪಿಸ್ತೂಲನ್ನು ತಾನು ಹಿಡಿದಳು.